ಅಣ್ಣನ ರೂಲು: ಯುದ್ಧದ ಆಟ ಕಲಿಸುವಾಗ ನಿಮಗೆ ಬಿಟ್ಟ ದೊಡ್ಡ ಬುರುಡೆ ಯಾವುದು?

ಅಟ್ಟದ ಇಲಿ

ಚಾಮರಾಜಪೇಟೆಯ ಹಳೇ ಮನೆಗೆ ಬಣ್ಣ ಹೊಡೆಸಬೇಕು ಅಂತ ಹೋದ ವಾರ ಅಟ್ಟ ಖಾಲಿ ಮಾಡಿದೆವು. ಹಿತ್ತಾಳೆ ಹಂಡೆ, ಮುರಿದ ತೊಟ್ಟಿಲು, ದಸರಾ ಗೊಂಬೆಗಳ ಟ್ರಂಕು, ಅದರ ಕೆಳಗೆ ಒಂದು ಚಪ್ಪಟೆ ರಟ್ಟಿನ ಡಬ್ಬ. ಮುಚ್ಚಳ ನೋಡಿದ ಕೂಡಲೇ ಏಣಿ ಮೇಲೇ ಕೂತುಬಿಟ್ಟೆ. ಆಫ್ರಿಕಾ ಕೋರ್! ಅಮೆರಿಕದ ಅವಲಾನ್ ಹಿಲ್ ಕಂಪನಿ 1964ರಲ್ಲಿ ತಂದ ಆಟ. 1941-42ರಲ್ಲಿ ಲಿಬಿಯಾ, ಈಜಿಪ್ಟ್ ಮರಳುಗಾಡಿನಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ಗೂ ಬ್ರಿಟಿಷರಿಗೂ ನಡೆದ ಯುದ್ಧ, ಮಡಚುವ ಹಲಗೆಯ ಮೇಲೆ.

ಅಣ್ಣ ಇದನ್ನು ಅವೆನ್ಯೂ ರಸ್ತೆಯ ಹಳೇ ಪುಸ್ತಕಗಳ ರಾಶಿಯಿಂದ ಹೆಕ್ಕಿ ತಂದಿದ್ದ. 1986. ಅವನಿಗೆ 17, ನನಗೆ 8. ಭೂಪಟ ಇತ್ತು, ರೂಲು ಪುಸ್ತಕ ಇತ್ತು, ಬಿಲ್ಲೆಗಳು ಮಾತ್ರ ಅರ್ಧಕ್ಕರ್ಧ ಇರಲಿಲ್ಲ. ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಅಣ್ಣ ಕತ್ತರಿಸಿ ಬಿಲ್ಲೆ ಮಾಡಿದ. ಒಂದು ಕಡೆ ಪೆನ್ನಿನಲ್ಲಿ ಟ್ಯಾಂಕಿನ ಗುರುತು, ಅಂಕಿ. ತಿರುಗಿಸಿದರೆ ಯಾರದೋ ಮದುವೆ. ರೊಮೆಲ್‌ನ ಬಿಲ್ಲೆಯ ಹಿಂದೆ ಪತ್ರಿಕೆಯ ಮೇಲ್ಭಾಗದ ಗಣೇಶ ಬಂದುಬಿಟ್ಟಿದ್ದ. ಅದಕ್ಕೆ ಕಾಲು ತಗುಲಿದರೆ ಅಮ್ಮ ಬೈಯುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ರೊಮೆಲ್‌ಗೆ ಯಾವಾಗಲೂ ಸ್ವಲ್ಪ ಮರ್ಯಾದೆ ಜಾಸ್ತಿ.

ಮೊದಲ ಪಾಠ ಇನ್ನೂ ಕಿವಿಯಲ್ಲಿದೆ. "ಇದು ಚೌಕಾಬಾರ ಅಲ್ಲ ಕಣೋ. ಇಲ್ಲಿ ಮನೆಗೆ ಆರು ಮೂಲೆ. ಗರ ಬಿದ್ದಷ್ಟು ಓಡೋ ಹಾಗಿಲ್ಲ. ಬಿಲ್ಲೆ ಮೇಲೆ ಬರೆದಷ್ಟು ಓಡಬೇಕು." ದಾಳ ಇರುವುದು ಜಗಳಕ್ಕೆ ಮಾತ್ರ ಅಂತ ಅರ್ಥ ಆಗೋಕೆ ನನಗೆ ಒಂದು ವಾರ ಹಿಡಿಯಿತು. ದಾಳಿ ಮಾಡುವವನ ಬಲವನ್ನು ಎದುರಾಳಿಯ ಬಲದಿಂದ ಭಾಗಿಸಬೇಕು. ಒಂದಕ್ಕೆ ಎರಡು, ಒಂದಕ್ಕೆ ಮೂರು ಅಂತ ಲೆಕ್ಕ ಬರುತ್ತದೆ. ದಾಳ ಹಾಕಿ, ಪಟ್ಟಿಯಲ್ಲಿ ಆ ಸಾಲು ನೋಡಬೇಕು. ಎರಡರಷ್ಟು ಇದ್ದರೆ ದಾಳಿಗೆ ಹೋದವನೇ ಮಣ್ಣು ಮುಕ್ಕಬಹುದು. ಮೂರರಷ್ಟು ಇದ್ದರೆ ನಿರಾಳ. ಆಟದ ಜೀವ ಇರೋದೇ ಈ ಮೂರರಷ್ಟು ಕೂಡಿಸೋದರಲ್ಲಿ.

ಅಣ್ಣ ಯಾವಾಗಲೂ ಜರ್ಮನ್. ಅವನ 11, ನನ್ನ 4. "11ನ್ನು 4ರಿಂದ ಭಾಗಿಸಿದರೆ ಎರಡೂ ಮುಕ್ಕಾಲು, ಅಂದ್ರೆ ಮೂರು" ಅನ್ನುತ್ತಿದ್ದ. ನನ್ನ ತೊಬ್ರುಕ್ ಬಂದರು ಹೋಗುತ್ತಿತ್ತು. ನಾನು ದಾಳಿ ಮಾಡಿದಾಗ ಅದೇ ಎರಡೂ ಮುಕ್ಕಾಲು ಎರಡಾಗುತ್ತಿತ್ತು. ಯಾಕೆ ಅಂದರೆ "ಇಂಗ್ಲಿಷರಿಗೆ ಹಾಗೇ".

ಮೊನ್ನೆ ಏಣಿ ಮೇಲೆ ಕೂತು ರೂಲು ಓದಿದೆ. ಚೂರುಪಾರು ಉಳಿದರೆ ಅದು ಯಾವಾಗಲೂ ತಡೆಯುವವನ ಪಾಲಿಗೆ. ಯಾರೇ ಆಗಲಿ. 11ಕ್ಕೆ 4 ಅಂದರೆ ಎರಡು, ಅಷ್ಟೇ. ಅಂದರೆ ನನ್ನ ಇಡೀ ಬಾಲ್ಯದ ತೊಬ್ರುಕ್ ಅನ್ಯಾಯವಾಗಿ ಹೋಗಿದೆ.

ಅಣ್ಣ ಈಗ ಶಿವಮೊಗ್ಗದಲ್ಲಿದ್ದಾನೆ. ಇನ್ನೂ ಫೋನ್ ಮಾಡಿಲ್ಲ. ಅದಕ್ಕೆ ಮೊದಲು ಸಾಕ್ಷಿ ಕೂಡಿಸೋಣ ಅಂತ. ನಿಮ್ಮ ಅಣ್ಣ, ಅಕ್ಕ ನಿಮಗೆ ಯಾವ ರೂಲು ಹೇಳಿ ಸೋಲಿಸಿದರು?

ಕಿರಿಮಗಳು

ನನಗೆ ಅಣ್ಣ ಇಲ್ಲ. ಅಕ್ಕ ಇದ್ದಳು, ಅದು ಇನ್ನೂ ಕಷ್ಟ.

ಮಲ್ಲೇಶ್ವರ, 15ನೇ ಅಡ್ಡರಸ್ತೆ. ಬೇಸಿಗೆ ರಜೆ. ಪಕ್ಕದ ಮನೆಯವರ ರಿಸ್ಕ್ ಅನ್ನೋ ಲೋಕ ಗೆಲ್ಲುವ ಆಟದ ಡಬ್ಬ ನಮ್ಮ ಮನೆಗೆ ಸಾಲ ಬಂದಿತ್ತು, ಎರಡು ವರ್ಷ ಇಲ್ಲೇ ಉಳಿಯಿತು. ಅಕ್ಕ, ಅವಳ ಇಬ್ಬರು ಗೆಳತಿಯರು, ನಾನು. ನಾನು "ಆಟಕ್ಕುಂಟು ಲೆಕ್ಕಕ್ಕಿಲ್ಲ". ಕುಂಟೆಬಿಲ್ಲೆಯಲ್ಲಿ ಹಾಗಿದ್ದರೆ ಪರವಾಗಿಲ್ಲ, ಔಟಾದರೂ ಮತ್ತೆ ಆಡಬಹುದು. ರಿಸ್ಕಿನಲ್ಲಿ ಲೆಕ್ಕಕ್ಕಿಲ್ಲ ಅಂದರೆ ಏನು ಗೊತ್ತಾ? ನನ್ನ ದೇಶಗಳನ್ನು ಯಾರು ಬೇಕಾದರೂ ಕೇಳದೆ ದಾಟಿಕೊಂಡು ಹೋಗಬಹುದು! ನಾನು ಯುರೋಪಿನಲ್ಲಿ ಸೈನ್ಯ ಇಟ್ಟುಕೊಂಡು ಕೂತಿರುತ್ತಿದ್ದೆ, ಇವರು ನನ್ನ ಮೇಲೆ ಬಸ್ ಸ್ಟ್ಯಾಂಡಿನ ಹಾಗೆ ಓಡಾಡುತ್ತಿದ್ದರು.

ಅಕ್ಕನ ರೂಲು: ದಾಳಿ ಮಾಡುವವರದ್ದು, ತಡೆಯುವವರದ್ದು ಎರಡೂ ದಾಳ ಸಮ ಬಂದರೆ ದೊಡ್ಡೋರಿಗೆ. ದೊಡ್ಡೋರು ಅಂದರೆ ವಯಸ್ಸಿನಲ್ಲಿ. ನನಗಂತೂ ಅದು ಅನುಮಾನವೇ ಬರಲಿಲ್ಲ. ಮನೆಯಲ್ಲಿ ಹೋಳಿಗೆ, ಕಿಟಕಿ ಸೀಟು ಎಲ್ಲ ಹಾಗೇ ಹಂಚಿಕೆ ಆಗುತ್ತಿದ್ದದ್ದು. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಒಮ್ಮೆ ಆಡಿದಾಗ "ದೊಡ್ಡೋರಿಗೆ" ಅಂತ ದಾಳ ಬಿಟ್ಟುಕೊಟ್ಟೆ. ಮೈದುನ ಬಿದ್ದು ಬಿದ್ದು ನಕ್ಕ. ಸಮ ಬಂದರೆ ತಡೆಯುವವರಿಗೆ ಅಂತ ಅವತ್ತೇ ಗೊತ್ತಾಗಿದ್ದು.

ಅಕ್ಕ ಆಸ್ಟ್ರೇಲಿಯಾ ಬಿಟ್ಟು ಬೇರೆ ಎಲ್ಲೂ ಶುರು ಮಾಡುತ್ತಿರಲಿಲ್ಲ. ಯಾಕೆ ಅಂತ ಕೇಳಿದರೆ "ಕಾಂಗರೂ ಇಷ್ಟ" ಅನ್ನುತ್ತಿದ್ದಳು. ನಾಲ್ಕೇ ಜಾಗ, ಒಳಗೆ ಬರಲು ಒಂದೇ ಬಾಗಿಲು, ಪ್ರತಿ ಸುತ್ತಿಗೂ ಎರಡು ಸೈನ್ಯ ಪುಕ್ಕಟೆ. ಕಾಂಗರೂ ಅಂತೆ!

ವಿಲ್ಸನ್ ಗಾರ್ಡನ್ ವೀರ

ನಮ್ಮಣ್ಣನ ರೂಲು ಒಂದೇ. ಸೋತರೆ ಅಮ್ಮನಿಗೆ ಹೇಳೋ ಹಾಗಿಲ್ಲ.

ಲೆಕ್ಕದ ಮೇಷ್ಟ್ರು

ಕಿರಿಮಗಳು ಮೇಡಂ, ನಿಮ್ಮ ಅಕ್ಕ ಎಷ್ಟು ನುಂಗಿದ್ದಾರೆ ಅಂತ ಲೆಕ್ಕ ಹಾಕಿದೆ, ಬೇಜಾರು ಮಾಡಿಕೊಳ್ಳಬೇಡಿ. ಒಂದು ದಾಳಕ್ಕೆ ಒಂದು ದಾಳ ಅಂತ ಇಟ್ಟುಕೊಳ್ಳಿ. ಒಟ್ಟು 36 ಜೋಡಿ. ದಾಳಿ ಮಾಡುವವರದ್ದು ದೊಡ್ಡದಾಗಿ ಬೀಳೋದು 15ರಲ್ಲಿ. ಸಮ ಬೀಳೋದು 6ರಲ್ಲಿ. ಪುಸ್ತಕದ ಪ್ರಕಾರ ದಾಳಿಗೆ 15, ತಡೆಗೆ 21. ನಿಮ್ಮ ಅಕ್ಕ ದಾಳಿ ಮಾಡಿದಾಗ ಆ ಆರೂ ಅವರ ಕಡೆ, ಅಂದರೆ 21. ನೀವು ದಾಳಿ ಮಾಡಿದಾಗ ಮಾತ್ರ ಪುಸ್ತಕದ ಹಾಗೇ 15. ಎರಡು ಕಡೆಯಿಂದಲೂ ಅವರಿಗೇ ಲಾಭ.

ಇನ್ನೊಂದು ವಿಷಯ. ಮೂರು ದಾಳಕ್ಕೆ ಎರಡು ದಾಳ ಬಂದಾಗ ಸಮದ ಲಾಭ ತಡೆಯುವವರಿಗೆ ಇದ್ದರೂ ದಾಳಿಯೇ ಮೇಲು. ತಡೆಯುವವರು ಎರಡೂ ಸೈನ್ಯ ಕಳೆದುಕೊಳ್ಳೋದು ನೂರಕ್ಕೆ ಸುಮಾರು 37 ಸಲ, ದಾಳಿ ಮಾಡುವವರು ಎರಡೂ ಕಳೆದುಕೊಳ್ಳೋದು ಸುಮಾರು 29 ಸಲ. ಅದಕ್ಕೇ ರಿಸ್ಕಿನಲ್ಲಿ ಸುಮ್ನೆ ಕೂತವರು ಉದ್ಧಾರ ಆಗಲ್ಲ. ನಾನು ಇದನ್ನು ಕಂಡುಹಿಡಿದದ್ದು ಪಿಯುಸಿಯಲ್ಲಿ, ಸಂಭವನೀಯತೆ ಪಾಠ ಬಂದಾಗ. ಅಷ್ಟು ಹೊತ್ತಿಗೆ ಅಣ್ಣ ಆಡೋದು ಬಿಟ್ಟು ಕ್ರಿಕೆಟ್ ಹಿಡಿದಿದ್ದ.

ಕಿರಿಮಗಳು

ಮೇಷ್ಟ್ರೇ, ಇದನ್ನು ಅಕ್ಕನಿಗೆ ವಾಟ್ಸಾಪ್ ಮಾಡಿದೆ. "ಯಾರೋ ಕೆಲಸ ಇಲ್ಲದವರು" ಅಂತ ಉತ್ತರ ಬಂತು.

ಹುಣಸೆಬೀಜ

ಎಲ್ಲರೂ ಡಬ್ಬದ ಆಟದ ಮಾತಾಡ್ತಾ ಇದ್ದೀರಿ. ಡಬ್ಬ ಕೊಳ್ಳೋ ಶಕ್ತಿ ಇಲ್ಲದ ಮನೆಯಲ್ಲೂ ಯುದ್ಧ ಇತ್ತು ಸ್ವಾಮಿ.

ಹಲಸೂರಿನಲ್ಲಿ ನಮ್ಮದು ವಠಾರದ ಮನೆ. ರೆಡ್ ಆಕ್ಸೈಡ್ ನೆಲ. ಅದರ ಮೇಲೆ ಬಳಪದಲ್ಲಿ ಹುಲಿ-ಕುರಿ ಮನೆ ಬರೆದರೆ ಎಷ್ಟು ಚೆನ್ನಾಗಿ ಕಾಣುತ್ತಿತ್ತು ಅಂದರೆ, ಒರೆಸೋಕೆ ಅಜ್ಜಿಗೂ ಮನಸ್ಸು ಬರುತ್ತಿರಲಿಲ್ಲ. ಮೂರು ಹುಲಿ, ಹದಿನೈದು ಕುರಿ. ಹುಲಿಗೆ ಬೆಟ್ಟಡಿಕೆ, ಕುರಿಗೆ ಹುಣಸೆಬೀಜ. ಕಲಿಸಿದ್ದು ದೊಡ್ಡಮ್ಮನ ಮಗ, ನನಗಿಂತ ಆರು ವರ್ಷ ದೊಡ್ಡವನು. ಅವನು ಹುಲಿ, ನಾನು ಕುರಿ. ಅದೇನು ಕೇಳಬೇಕಾ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕುರಿಗಳನ್ನು ಒಂದೊಂದಾಗಿ ಇಡುತ್ತಾ ಹೋಗಬೇಕು. ಹದಿನೈದೂ ಇಡೋವರೆಗೆ ಇಟ್ಟ ಕುರಿ ಅಲ್ಲಾಡೋ ಹಾಗಿಲ್ಲ. ಹುಲಿ ಮಾತ್ರ ಮೊದಲಿಂದಲೇ ಓಡಾಡುತ್ತದೆ. ಪಕ್ಕದ ಕುರಿಯ ಹಿಂದೆ ನೇರಕ್ಕೆ ಮನೆ ಖಾಲಿ ಇದ್ದರೆ ಹಾರಿ ತಿನ್ನುತ್ತದೆ. ಕುರಿಗಳು ಹುಲಿಯನ್ನು ಕೊಲ್ಲೋಕೆ ಆಗಲ್ಲ. ಸುತ್ತುಗಟ್ಟಿ ಅಲ್ಲಾಡದ ಹಾಗೆ ಕಟ್ಟಿಹಾಕಬೇಕು ಅಷ್ಟೇ. ಎರಡು ಕಡೆಗೂ ಬೇರೆ ಬೇರೆ ಬಲ, ಬೇರೆ ಬೇರೆ ಗುರಿ. ಈಗಿನ ಡಬ್ಬದ ಆಟಗಳು ಇದನ್ನೇ ದೊಡ್ಡ ವಿಶೇಷ ಅಂತ ಹಾಕಿಕೊಂಡು ಮಾರುತ್ತವೆ.

ಅವನ ಬುರುಡೆ: ಹಸಿದ ಹುಲಿ ಒಂದೇ ನೆಗೆತಕ್ಕೆ ಎರಡು ಕುರಿ ಹಾರಬಹುದು. ಹುಲಿ ಯಾವಾಗ ಹಸಿದಿರುತ್ತೆ? ಅವನು ಸೋಲುತ್ತಿರುವಾಗ. ಇದಕ್ಕೆ ಬಗ್ಗಬಾರದು ಅಂತ ಕುರಿಗಳನ್ನು ಮೂರು ಸಾಲು ದಪ್ಪಕ್ಕೆ ಇಡೋದು ಕಲಿತೆ. ಆ ಸುಳ್ಳು ರೂಲಿನಿಂದಲೇ ನನ್ನ ಆಟ ಗಟ್ಟಿಯಾಯಿತು. ಒಂದು ದಿನ ಅಜ್ಜಿ ಕಾಫಿ ಲೋಟ ಹಿಡಿದು ಬಂದು ನಿಂತರು. ಎರಡು ಕುರಿ ಹಾರಿದ್ದನ್ನು ನೋಡಿದರು. "ಇದ್ಯಾವ ಊರಿನ ಹುಲಿಯೋ?" ಅಂದರು. ಅಲ್ಲಿಗೆ ಆ ರೂಲು ಸತ್ತಿತು.

ಷಡ್ಭುಜ

ಹುಣಸೆಬೀಜ ಅವರೇ, ಬೇಸರ ಬೇಡ, ಆದರೆ ಹುಲಿ-ಕುರಿ ಯುದ್ಧದ ಆಟ ಅಲ್ಲ. ಯುದ್ಧದ ಆಟ ಅಂದರೆ ಭೂಪಟ ಬೇಕು, ಬೆಟ್ಟ ಹತ್ತಿದರೆ ಬಲ ಹೆಚ್ಚಬೇಕು, ಊಟ ಮದ್ದುಗುಂಡು ತಲುಪಬೇಕು. ಪ್ರಷ್ಯಾ ಸೈನ್ಯ 1824ರಲ್ಲಿ ಅಧಿಕಾರಿಗಳಿಗೆ ತರಬೇತಿ ಕೊಡೋಕೆ ಅಂತ ಕ್ರೀಗ್ಸ್‌ಶ್ಪೀಲ್ ಅನ್ನೋ ಯುದ್ಧದ ಆಟ ಒಪ್ಪಿಕೊಂಡಿತಲ್ಲ, ಅಲ್ಲಿಂದ ಶುರು ಇದು. ಅದನ್ನು ಮನೆಗೆ ತಂದವರು ಅವಲಾನ್ ಹಿಲ್ ಕಟ್ಟಿದ ಚಾರ್ಲ್ಸ್ ರಾಬರ್ಟ್ಸ್. 1954ರ ಟ್ಯಾಕ್ಟಿಕ್ಸ್ ಆಟ ಅವರದ್ದೇ. ಮೊದಲು ಚೌಕದ ಮನೆಗಳೇ ಇದ್ದವು, ಆರು ಮೂಲೆಯ ಮನೆ ಬಂದದ್ದು 1961ರಲ್ಲಿ.

ಹುಣಸೆಬೀಜ

ಆನೆ, ಕುದುರೆ, ರಥ, ಕಾಲಾಳು ಅಂತ ನಾಲ್ಕು ಅಂಗ ಇಟ್ಟುಕೊಂಡೇ ಚತುರಂಗ ಅಂತ ಹೆಸರು ಬಂತು. ಅದು ಯುದ್ಧ ಅಲ್ಲದೆ ಸೀಮಂತವೇ? ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಹೊಸ ಹೊಸ ಮಣೆಯಾಟಗಳನ್ನೇ ಕಟ್ಟುತ್ತಿದ್ದರು. ಕುದುರೆ ಪ್ರತಿ ಮನೆಯನ್ನೂ ಒಂದೊಂದೇ ಸಲ ತುಳಿದು ಬರುವ ಲೆಕ್ಕಗಳನ್ನೂ ಮಾಡಿಟ್ಟರು. ಅವರು ತೀರಿಕೊಂಡದ್ದು 1868. ನಿಮ್ಮ ಡಬ್ಬ ಅದಾಗಿ ಎಷ್ಟು ವರ್ಷಕ್ಕೆ ಬಂತು ನೋಡಿ.

ಷಡ್ಭುಜ

ಸರಿ ಸರಿ. ನಾನೂ ಮೊದಲು ಕಲಿತದ್ದು ಹುಲಿ-ಕುರಿಯೇ. ಬೆಂಗಳೂರಲ್ಲಿ ವಾದ ಗೆದ್ದು ಯಾರು ಉದ್ಧಾರ ಆಗಿದ್ದಾರೆ.

ಕ್ರೀಗ್ಸ್‌ಶ್ಪೀಲ್ ಬಗ್ಗೆ ಒಂದು ಮಾತು ಮಾತ್ರ. ಅದರಲ್ಲಿ ಇಬ್ಬರು ಆಟಗಾರರ ನಡುವೆ ಒಬ್ಬ ಅಂಪೈರ್ ಇರುತ್ತಿದ್ದ. ಏನಾಯಿತು ಅಂತ ಅವನೇ ಹೇಳಬೇಕು. ನಮ್ಮ ಮನೆಗಳಲ್ಲಿ ಎದುರಾಳಿಯೂ ಅಣ್ಣನೇ, ಅಂಪೈರೂ ಅಣ್ಣನೇ. ಈ ಚರ್ಚೆಗೆ ಮೂಲ ಕಾರಣ ಅದೇ.

ಕೋಟೆ ಬೀದಿ

ನನ್ನ ಅಣ್ಣನದ್ದು ಸ್ವಲ್ಪ ಬೇರೆ ಕತೆ. ಅವನು ಆಟ ಕೊಳ್ಳಲಿಲ್ಲ, ಮಾಡಿದ. ಉದ್ದ ಆಗುತ್ತೆ, ಕ್ಷಮಿಸಿ.

ನಮ್ಮ ಮನೆ ಕೆ.ಆರ್. ಮಾರ್ಕೆಟ್ ಹತ್ತಿರ. ಕೋಟೆಯಲ್ಲಿ ಈಗ ಉಳಿದಿರುವ ತುಂಡು ಇದೆಯಲ್ಲ, ದೆಹಲಿ ಬಾಗಿಲು, ಅದರ ಗೋಡೆಯ ಮೇಲೆ ಒಂದು ಕಲ್ಲು ಫಲಕ ಇದೆ. 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದ್ದು ಈ ಬಿರುಕಿನಿಂದ ಅಂತ. ಅಣ್ಣ ಅದರ ಮುಂದೆ ನನ್ನನ್ನು ನಿಲ್ಲಿಸಿ ಓದಿಸಿದ. ನನಗೆ ಹತ್ತು ವರ್ಷ, ಬೆಣ್ಣೆ ಬಿಸ್ಕತ್ತಿನ ಮೇಲೇ ಗಮನ.

ಬೇಸಿಗೆ ರಜೆಯಲ್ಲಿ ಎರಡು ಚಾರ್ಟ್ ಹಾಳೆ ಅಂಟಿಸಿ ಬೆಂಗಳೂರಿನ ಭೂಪಟ ಬರೆದ. ಆರು ಮೂಲೆಯ ಮನೆ ಒಂದೇ ಅಳತೆಗೆ ಬರೆಯೋದು ತಮಾಷೆ ಅಲ್ಲ. ಅಪ್ಪನ ಹಳೇ ಎಕ್ಸ್‌ರೇ ಫಿಲ್ಮಿನಲ್ಲಿ ಒಂದು ಮನೆ ಕೊರೆದು, ಅದನ್ನೇ ಅಚ್ಚು ಮಾಡಿಕೊಂಡು ನೂರಾರು ಸಲ ಪೆನ್ಸಿಲ್ ಓಡಿಸಿದ. ಉತ್ತರಕ್ಕೆ ಪೇಟೆ, ದಕ್ಷಿಣಕ್ಕೆ ಕೋಟೆ, ಸುತ್ತ ಕೆರೆಗಳು, ಹೊರಗೆ ಟಿಪ್ಪುವಿನ ಸೈನ್ಯ. ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಅವನದು. ಟಿಪ್ಪು, ಕೋಟೆ ಕಾಯೋ ಕಿಲ್ಲೇದಾರ ಬಹದ್ದೂರ್ ಖಾನ್ ಇಬ್ಬರೂ ನನ್ನವರು.

ಮಾರ್ಚ್ 7ಕ್ಕೆ ಪೇಟೆ ಬಿತ್ತು ಅಂತ ಇತಿಹಾಸ. ನಮ್ಮ ಆಟದಲ್ಲೂ ಬೀಳುತ್ತಿತ್ತು. 21ರ ರಾತ್ರಿ ಕೋಟೆ ಬಿತ್ತು, ಖಾನ್ ಸತ್ತ. ನಮ್ಮ ಆಟದಲ್ಲೂ ಹಾಗೇ. ಒಂದು ಸಲ ನಾನು ರಾತ್ರಿ ದಾಳಿಯನ್ನು ತಡೆದುಬಿಟ್ಟೆ. ದಾಳ ಸರಿಯಾಗಿ ಬಿದ್ದಿತ್ತು. ಅಣ್ಣ ಭೂಪಟ ನೋಡಿದ, ದಾಳ ನೋಡಿದ, ಆಮೇಲೆ ಹೇಳಿದ: "ಇತಿಹಾಸದಲ್ಲಿ ಹೀಗೆ ಆಗಿಲ್ಲ. ವಾಪಸ್ ತಗೋ."

ಇದು ನೋಡಿ ನನ್ನ ಅಣ್ಣನ ರೂಲು. ನಾನು ಗೆದ್ದಾಗಲೆಲ್ಲ ಇತಿಹಾಸ ಅಡ್ಡ ಬರುತ್ತಿತ್ತು. ಅವನು ಎರಡು ದಿನ ಮೊದಲೇ ಕೋಟೆ ಹಿಡಿದರೆ ಅದು "ಒಳ್ಳೇ ಆಟ".

ಜಗಳ ಆಡಿದೆ, ಅತ್ತುಬಿಟ್ಟೆ, ವಿಷಯ ಅಪ್ಪನವರೆಗೆ ಹೋಯಿತು. ಆಮೇಲೆ ಒಂದು ದಿನ ಅವನದೇ ದಾರಿ ಹಿಡಿದೆ. ಅವನ ಶಾಲೆಯ ಇತಿಹಾಸ ಪುಸ್ತಕ, ಅಪ್ಪನ ಕಪಾಟಿನ ಇನ್ನೊಂದು ಪುಸ್ತಕ, ಎರಡನ್ನೂ ಓದಿದೆ. ಬೆಂಗಳೂರು ಹಿಡಿದ ಕಾರ್ನ್‌ವಾಲಿಸ್ ಅದೇ ಮೇ ತಿಂಗಳು ಶ್ರೀರಂಗಪಟ್ಟಣದವರೆಗೆ ಹೋಗಿ ಬರಿಗೈಯಲ್ಲಿ ವಾಪಸಾದ. ಫಿರಂಗಿ ಎಳೆಯೋ ಎತ್ತುಗಳು ಮೇವಿಲ್ಲದೆ ಸತ್ತವು. ದೊಡ್ಡ ಫಿರಂಗಿಗಳನ್ನು ಅವನೇ ಒಡೆದು ಬಿಟ್ಟುಬಂದ. ಅವನ ಸೈನ್ಯಕ್ಕೆ ಧಾನ್ಯ ಹೊತ್ತು ತರುತ್ತಿದ್ದವರು ಲಂಬಾಣಿಗಳು. ಅಣ್ಣನ ಆಟದಲ್ಲಿ ಎತ್ತೂ ಇರಲಿಲ್ಲ, ಮೇವೂ ಇರಲಿಲ್ಲ, ಲಂಬಾಣಿಗಳೂ ಇರಲಿಲ್ಲ.

"ಇತಿಹಾಸದಲ್ಲಿ ಎತ್ತು ಇದ್ದವು. ನಿನ್ನ ಫಿರಂಗಿ ಯಾರು ಎಳೀತಾರೆ?" ಅಂದೆ.

ಅವನು ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ ಎದ್ದು ಹೋಗಿ ಕತ್ತರಿ, ಸೋಪಿನ ಡಬ್ಬದ ರಟ್ಟು ತಂದ. ಇಬ್ಬರೂ ಕೂತು ಎತ್ತಿನ ಬಿಲ್ಲೆ ಮಾಡಿದೆವು. ಎಷ್ಟು ಎತ್ತು, ದಿನಕ್ಕೆ ಎಷ್ಟು ಮೇವು, ಯಾವ ಹಳ್ಳಿಯಲ್ಲಿ ಸಿಗುತ್ತೆ ಅಂತ ನಾನೇ ಬರೆದೆ. ಮುಂದಿನ ಆಟದಲ್ಲಿ ಟಿಪ್ಪುವಿನ ಕುದುರೆಗಳನ್ನು ಕೋಟೆ ಕಡೆಗೆ ಕಳಿಸಲೇ ಇಲ್ಲ. ಸುತ್ತಲಿನ ಹುಲ್ಲು ಸುಟ್ಟೆ, ಎತ್ತು ಹೊಡೆದೆ. ಹದಿನೈದನೇ ದಿನಕ್ಕೆ ಅವನ ಫಿರಂಗಿ ಪೇಟೆಯಲ್ಲೇ ನಿಂತುಬಿಟ್ಟವು. ಇತಿಹಾಸದಲ್ಲಿ ಹೀಗೆ ಆಗಿಲ್ಲ ಅಂತ ಅವನು ಆವತ್ತು ಹೇಳಲಿಲ್ಲ.

ಅದಾದ ಮೇಲೆ ಗೆಳೆಯರು ಬಂದರೆ "ಇವನೂ ಆಡ್ತಾನೆ" ಅನ್ನುತ್ತಿದ್ದ. ಮೊದಲು "ಇವನೂ ಕೂತ್ಕೋತಾನೆ" ಅನ್ನುತ್ತಿದ್ದ.

ಅಟ್ಟದ ಇಲಿ

ಕೋಟೆ ಬೀದಿ ಸರ್, ಆ ಭೂಪಟ ಇದೆಯಾ?

ಕೋಟೆ ಬೀದಿ

ಮಳೆಗೆ ಮನೆ ಸೋರಿದಾಗ ಹೋಯಿತು. ಎಕ್ಸ್‌ರೇ ಫಿಲ್ಮಿನ ಅಚ್ಚು ಇದೆ.

ಹೆಸರು ಬೇಡ

ನಿಮ್ಮೆಲ್ಲರ ನೆನಪು ಸಿಹಿಯಾಗಿದೆ. ನನ್ನದು ಹಾಗಿಲ್ಲ. ಅಣ್ಣ ನನಗೆ ಕಲಿಸಲಿಲ್ಲ. ಅವನಿಗೆ ಸೋಲಿಸೋಕೆ ಒಬ್ಬ ಬೇಕಿತ್ತು, ಮನೆಯಲ್ಲಿ ಸಿಕ್ಕಿದ್ದು ನಾನು. ಗೆಲ್ಲೋ ಹಾಗೆ ಕಂಡರೆ ಹಲಗೆ ತಲೆಕೆಳಗು. ಹತ್ತು ಸಲ ಜೋಡಿಸಿದ್ದೀನಿ ಆ ಬಿಲ್ಲೆಗಳನ್ನ. ಈಗ ಇಬ್ಬರೂ ಒಂದೇ ಊರಲ್ಲಿ ಇದ್ದೀವಿ, ಮಾತು ಕಮ್ಮಿ. ಇದನ್ನೂ ಒಬ್ಬರು ಹೇಳಲಿ ಅಂತ ಬರೆದೆ.

ಹುಣಸೆಬೀಜ

ಬರೆದದ್ದು ಒಳ್ಳೇದಾಯಿತು.

ನಾನೇ ಆ ಅಣ್ಣ

ಇಲ್ಲಿ ಕಟಕಟೆಯಲ್ಲಿ ನಿಂತಿರೋರ ಕಡೆಯಿಂದಲೂ ಒಬ್ಬ ಮಾತಾಡಬೇಕಲ್ವಾ.

1982. ಜಯನಗರ 4ನೇ ಬ್ಲಾಕ್. ಮಾವ ಅಮೆರಿಕದಿಂದ ಬರುವಾಗ ಸ್ಕ್ವಾಡ್ ಲೀಡರ್ ತಂದುಕೊಟ್ಟರು. 1977ರಲ್ಲಿ ಬಂದ ಆಟ. ನನಗೆ 15, ತಂಗಿಗೆ 11. ನನ್ನದು ಕನ್ನಡ ಮೀಡಿಯಂ. ರೂಲು ಪುಸ್ತಕ ತೆಗೆದರೆ ಎರಡೆರಡು ಸಾಲಲ್ಲಿ ಸಣ್ಣಕ್ಷರದ ಇಂಗ್ಲಿಷ್. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಅರ್ಧ ಅರ್ಥ ಆಯಿತು. ಇನ್ನರ್ಧ ನಾನೇ ತುಂಬಿದೆ. ಆಗ ಇಂಟರ್ನೆಟ್ ಇರಲಿಲ್ಲ, ಕೇಳೋಕೆ ಊರಲ್ಲಿ ಇನ್ನೊಬ್ಬ ಇದ್ದಾನೋ ಇಲ್ಲವೋ ಅದೂ ಗೊತ್ತಿಲ್ಲ. ಅದಕ್ಕೆ ಬುರುಡೆ ಅನ್ನುತ್ತೀರಾ? ಅನ್ನಿ.

ಆ ಆಟ ಮಾಡಿದವರಿಗೆ ಕಷ್ಟ ಗೊತ್ತಿತ್ತು ಅನ್ನಿಸುತ್ತೆ. ರೂಲು ಪೂರ್ತಿ ಒಟ್ಟಿಗೆ ಓದಬೇಡಿ ಅಂತಲೇ ಹೇಳುತ್ತಾರೆ. ಸ್ವಲ್ಪ ಓದಿ, ಮೊದಲ ಕಾಳಗ ಆಡಿ. ಅದು ಸ್ಟಾಲಿನ್‌ಗ್ರಾಡ್‌ನ ಕಟ್ಟಡಗಳ ನಡುವೆ, ಬರೀ ಕಾಲಾಳು. ಆಮೇಲೆ ಇನ್ನಷ್ಟು ಓದಿ, ಮುಂದಿನದು ಆಡಿ. ಟ್ಯಾಂಕು, ಫಿರಂಗಿ ಎಲ್ಲ ಮುಂದೆ ಬರುತ್ತವೆ. ಹೀಗೆ ಹನ್ನೆರಡು. ನಾನು ರಾತ್ರಿ ಒಂದು ಪಾಠ ಮುಂದೆ ಓದಿಕೊಂಡು ಬೆಳಿಗ್ಗೆ ತಂಗಿಗೆ ಮೇಷ್ಟ್ರಾಗುತ್ತಿದ್ದೆ.

ಒಬ್ಬ ಸೈನಿಕನಿಗೆ ಇನ್ನೊಬ್ಬ ಕಾಣುತ್ತಾನಾ ಅಂತ ನೋಡೋಕೆ ಅದರಲ್ಲಿ ದಾರ ಹಿಡಿಯಬೇಕು. ಈ ಮನೆಯ ನಡುವಿನ ಚುಕ್ಕೆಯಿಂದ ಆ ಮನೆಯ ನಡುವಿನ ಚುಕ್ಕೆಗೆ. ಮಧ್ಯೆ ಕಟ್ಟಡದ ಚಿತ್ರಕ್ಕೆ ದಾರ ತಗುಲಿದರೆ ಕಾಣಲ್ಲ. ಅಮ್ಮನ ಹೊಲಿಗೆ ಡಬ್ಬದ ಕಪ್ಪು ದಾರ. ನಾನು ಒಂದು ತುದಿ, ತಂಗಿ ಒಂದು ತುದಿ. ಅವಳು ಕೆನ್ನೆ ಹಲಗೆಗೆ ಅಂಟಿಸಿ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. "ತಗುಲಿಲ್ಲ." "ತಗುಲಿದೆ." ಅರ್ಧ ಗಂಟೆ. ಅಷ್ಟರಲ್ಲಿ ಕರೆಂಟ್ ಹೋಗುತ್ತಿತ್ತು, ಮೇಣದಬತ್ತಿ ಬೆಳಕಲ್ಲಿ ದಾರಕ್ಕೆ ನೆರಳು ಬೇರೆ. ಎರಡು ದಾರ ಕಾಣುತ್ತಿತ್ತು.

ಅವಳು ಕೇಳುತ್ತಿದ್ದ ಪ್ರಶ್ನೆಗಳೇ ನನಗೆ ಭಯ. "ಅಣ್ಣಾ, ನಾನು ಇವನನ್ನ ನೋಡೋಕಾದ್ರೆ ಇವನು ನನ್ನ ನೋಡೋಕಾಗಲ್ವಾ?" ನಾನು ಹಿಂದಿನ ದಿನ ತಾನೇ ಆಗಲ್ಲ ಅಂತ ಹೇಳಿ ಗೆದ್ದಿದ್ದೆ. ಪುಸ್ತಕ ತೆಗೆದು ನೋಡಿದರೆ ಅವಳೇ ಸರಿ.

ನೀವು ಯಾರೂ ಹೇಳದ ಒಂದು ವಿಷಯ ಹೇಳ್ತೀನಿ. ಚಿಕ್ಕವರಿಗೆ ಆಡೋಕೆ ನೂರು ಜನ. ನನಗೆ ಇಡೀ ಬೆಂಗಳೂರಲ್ಲಿ ಇದ್ದದ್ದು ಇವಳೊಬ್ಬಳೇ. ಸತತ ಸೋತರೆ "ನಾ ಬರಲ್ಲ ಹೋಗು" ಅಂದುಬಿಟ್ಟರೆ? ಹಾಗಾಗಿ ಮೂರು ಸೋಲಿಗೆ ಒಂದು ಗೆಲುವು ಬರೋ ಹಾಗೆ ರೂಲು ತಿರುಚುತ್ತಿದ್ದೆ, ಅವಳ ಕಡೆಗೆ. "ಈ ಕಾಳಗದಲ್ಲಿ ರಷ್ಯನ್ನರಿಗೆ ಒಂದು ದಾಳ ಮತ್ತೆ ಹಾಕೋ ಅವಕಾಶ ಇದೆ" ಅಂತ. ಅದು ಯಾವ ಪುಟದಲ್ಲೂ ಇಲ್ಲ. ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆ ತಂಗಿ

ಗೊತ್ತಿತ್ತು. ಪುಸ್ತಕ ನಾನೂ ಓದಿದ್ದೆ. ಒಂದು ದಾಳ ಪುಕ್ಕಟೆ ಬರುವಾಗ ಯಾರು ಬೇಡ ಅಂತಾರೆ.

ವಿಲ್ಸನ್ ಗಾರ್ಡನ್ ವೀರ

ಅಯ್ಯೋ ಗುರು!

ಅಂಚೆ ಕಾರ್ಡು

ದಾಳ, ಹಲಗೆ ಏನೂ ಇಲ್ಲದ ನಮ್ಮ ಕತೆ ಇದು. ಅಣ್ಣ ಇಂಜಿನಿಯರಿಂಗ್ ಓದೋಕೆ ಸುರತ್ಕಲ್‌ಗೆ ಹೋದ. ಹೋಗೋ ಮುಂಚೆ ಚೌಕುಳಿ ಪುಸ್ತಕದಲ್ಲಿ ಹಡಗಿನ ಆಟ ಕಲಿಸಿದ್ದ. ಹತ್ತು ಉದ್ದ, ಹತ್ತು ಅಗಲ. ಐದು ಮನೆಯದೊಂದು, ನಾಲ್ಕರದೊಂದು, ಮೂರರದೆರಡು, ಎರಡರದೊಂದು, ಒಟ್ಟು ಐದು ಹಡಗು. ಎದುರಾಳಿಯ ಹಡಗು ಎಲ್ಲಿದೆ ಅಂತ ಗೊತ್ತಿಲ್ಲದೆ ಗುಂಡು ಹಾಕಬೇಕು.

ಅದನ್ನೇ ಕಾರ್ಡಿನಲ್ಲಿ ಮುಂದುವರಿಸಿದೆವು. ಒಂದು ಕಾರ್ಡಿಗೆ ಐದು ಗುಂಡು. ಮೇಲೆ "ಕ್ಷೇಮ, ಊಟ ಚೆನ್ನಾಗಿಲ್ಲ" ಅಂತ ಅಮ್ಮನಿಗೆ ಎರಡು ಸಾಲು, ಕೆಳಗೆ "ಬಿ-4 ನೀರು, ಬಿ-5 ತಗುಲಿತು, ಎಚ್-9 ಮುಳುಗಿತು" ಅಂತ ನನಗೆ. ಕಾರ್ಡು ಎಲ್ಲರೂ ಓದಬಹುದಲ್ಲ, ನಮ್ಮ ತ್ಯಾಗರಾಜನಗರದ ಪೋಸ್ಟ್‌ಮ್ಯಾನ್ ಓದುತ್ತಿದ್ದರು. ಆರು ತಿಂಗಳಾದ ಮೇಲೆ ಗೇಟಿನಲ್ಲಿ ನಿಂತು ಕೇಳಿದರು: "ಏನಮ್ಮಾ, ಆ ದೊಡ್ಡ ಹಡಗು ಇನ್ನೂ ಸಿಗಲಿಲ್ವಾ? ಎಡಗಡೆ ಮೂಲೇಲಿ ನೋಡು." ಅಲ್ಲೇ ಇತ್ತು! ಅವರು ನನ್ನ ಕಾರ್ಡೂ ನೋಡುತ್ತಿದ್ದರು, ಅಣ್ಣನದೂ ನೋಡುತ್ತಿದ್ದರು. ಆದರೆ ಹಡಗು ಎಲ್ಲಿದೆ ಅಂತ ಯಾವ ಕಾರ್ಡಿನಲ್ಲೂ ಬರೆದಿರಲಿಲ್ಲ. ಬಿಟ್ಟುಹೋದ ಮನೆಗಳನ್ನು ನೋಡಿ ಅವರೇ ಲೆಕ್ಕ ಹಾಕಿದ್ದರು.

ಷಡ್ಭುಜ

ಆ ಪೋಸ್ಟ್‌ಮ್ಯಾನ್‌ಗೆ ಒಂದು ನಮಸ್ಕಾರ. ಅಂಚೆಯಲ್ಲಿ ಆಡೋದು ಅಮೆರಿಕದಲ್ಲೂ ದೊಡ್ಡ ಹುಚ್ಚಾಗಿತ್ತು. ಅಲ್ಲಿ ಕಳ್ಳಾಟ ಆಗಬಾರದು ಅಂತ ದಾಳದ ಬದಲು ಪತ್ರಿಕೆಯಲ್ಲಿ ಬರುವ ಷೇರುಪೇಟೆಯ ಅಂಕಿ ಬಳಸುತ್ತಿದ್ದರು. ಈಗ ಅದೆಲ್ಲ ಬೇಡ. ವ್ಯಾಸಲ್ ಅಂತ ಪುಕ್ಕಟೆ ತಂತ್ರಾಂಶ ಇದೆ, ಎಷ್ಟೋ ಹಳೇ ಆಟಗಳು ಅದರಲ್ಲಿ ಸಿಗುತ್ತವೆ. ಅಟ್ಟದ ಇಲಿ ಸರ್, ನೀವು ಚಾಮರಾಜಪೇಟೆಯಿಂದ, ಅಣ್ಣ ಶಿವಮೊಗ್ಗದಿಂದ ಆಡಬಹುದು. ದಾಳ ಹಾಕೋದು ಕಂಪ್ಯೂಟರಿಗೆ ಬಿಡಿ.

ಕಿರಿಮಗಳು

ಹೌದು, ಅಟ್ಟದ ಇಲಿ, ಅಣ್ಣನಿಗೆ ಫೋನ್ ಮಾಡಿದ್ರಾ ಇಲ್ವಾ? ಊರಿಗೆಲ್ಲ ಹೇಳಿ ಅವರಿಗೊಬ್ಬರಿಗೇ ಹೇಳಿಲ್ಲ.

ಅಟ್ಟದ ಇಲಿ

ತಡವಾಯಿತು, ಕ್ಷಮಿಸಿ. ಅಣ್ಣ ಗೌರಿ ಹಬ್ಬಕ್ಕೆ ಬಂದಿದ್ದ. ಫೋನಿನಲ್ಲಿ ಹೇಳಬಾರದು ಅಂತ ಕಾದೆ.

ಹಬ್ಬದ ಊಟ ಆದ ಮೇಲೆ ಹಜಾರದಲ್ಲಿ ಚಾಪೆ ಹಾಸಿ ಹಲಗೆ ಬಿಚ್ಚಿದೆ. ಏನೂ ಮಾತಾಡಲಿಲ್ಲ, ರೂಲು ಪುಸ್ತಕದ ಆ ಪುಟ ತೆಗೆದು ಅವನ ಕೈಗಿಟ್ಟೆ. ಕನ್ನಡಕ ಹಾಕಿಕೊಂಡು ಓದಿದ. ಮತ್ತೆ ಓದಿದ. "ಇದು ನಾವು ಆಡಿದ ಪುಸ್ತಕ ಅಲ್ಲ" ಅಂದ. ಮೊದಲ ಪುಟದಲ್ಲಿ ಅವನ ಕೈಬರಹದ ಹೆಸರು, 1986 ಅಂತ ಇದೆ. ತೋರಿಸಿದೆ. "ಆಗ ನಿನಗೆ ಭಾಗಾಕಾರ ಬರ್ತಿತ್ತಾ? ಬಂದಿದ್ದಿದ್ರೆ ಕೇಳ್ತಿದ್ದೆ. ಕೇಳಲಿಲ್ಲ" ಅಂತ ನನ್ನ ಮೇಲೇ ಹಾಕಿದ.

ಆಡೋಣ ಅಂದೆ. ಈ ಸಲ ನಾನು ಜರ್ಮನ್. ರೊಮೆಲ್ ಮೊದಲ ಸಲ ನನ್ನ ಕೈಗೆ ಬಂದ. ಗಣೇಶನ ಚಿತ್ರ ಮಾಸಿದೆ, ಆದರೂ ಅಮ್ಮ ಅಡುಗೆಮನೆಯಿಂದಲೇ "ಕಾಲು ಮಡಚಿ ಕೂತ್ಕೊಳ್ರೋ" ಅಂದರು.

ಸಂಜೆ ಆರಕ್ಕೆ ತೊಬ್ರುಕ್ ಮುಂದೆ ನಿಂತೆ. ಒಂದು ತುಕಡಿ ಹಿಂದೆ ಸಪ್ಲೈ ಕಾಯ್ತಾ ಉಳಿದಿತ್ತು, ಅದು ಬಂದಿದ್ದರೆ ಹನ್ನೆರಡು ಆಗುತ್ತಿತ್ತು. ನನ್ನ ಹತ್ತಿರ ಇದ್ದದ್ದು 11. ಅವನ ಹತ್ತಿರ 4. ಸುಳ್ಳಲ್ಲ, ಬೇಕಿದ್ದರೆ ಫೋಟೋ ಹಾಕ್ತೀನಿ.

ಅಣ್ಣ ಹಲಗೆ ನೋಡುತ್ತಾ ಇದ್ದ. "ಭಾಗಿಸು" ಅಂದ.

"ಎರಡು" ಅಂದೆ.

"ಎರಡೂ ಮುಕ್ಕಾಲು."

"ಎರಡು."

ದಾಳ ಹಾಕಿದೆ. ಪಟ್ಟಿ ನೋಡಿದೆವು. ಎರಡರಷ್ಟು ಸಾಲಿನಲ್ಲಿ ದಾಳಿ ಮಾಡಿದವನೇ ಪೂರ್ತಿ ಹೋಗೋ ಗರ ಒಂದಿದೆ, ಅದೇ ಬಿತ್ತು. ಅವನು ಮೂರರಷ್ಟು ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿಸಿ ತೋರಿಸಿದ. ಅಲ್ಲಿ ನಾನು ಉಳಿಯುತ್ತಿದ್ದೆ.

"ನನ್ನ ರೂಲು ಏನಾಗಿತ್ತೋ?" ಅಂದ.

ಸತ್ತ ಬಿಲ್ಲೆಗಳನ್ನು ಎತ್ತಿ ಪಕ್ಕಕ್ಕೆ ಬೋರಲು ಹಾಕಿದೆ. ಒಂದರ ಹಿಂದೆ "ಆಶೀರ್ವಾದವೇ ಉಡು" ಅಂತ ಇತ್ತು. ಇನ್ನೊಂದರ ಹಿಂದೆ "ಸಪರಿವಾರ ಸಮೇತ".